ಅತ್ತೆಯ ಕಡೆಯಿಂದ ಬಂದ ಪೊರೆ

ಹರವೆಯ ಮರಿತಾಯಮ್ಮನ ಪ್ರಕಾರ ಮನೆಯಲ್ಲಿ ಏನೇ ಕೆಟ್ಟದ್ದಾದರೂ ಅದಕ್ಕೊಬ್ಬರು ಕಾರಣರಿರಬೇಕು, ಅವರು ಹೊರಗಿನಿಂದ ಬಂದವರೇ ಆಗಿರಬೇಕು. ಮೂರು ತಿಂಗಳ ಮೊಮ್ಮಗಳ ಕಣ್ಣಿನ ಪಾಪೆಗಳು ಹಾಲಿನಂತೆ ಬೆಳ್ಳಗಿರುವುದು ಗೊತ್ತಾದಾಗ, ಗುಂಡ್ಲುಪೇಟೆಯಿಂದ ಬಂದ ಸೊಸೆ ಚೈತ್ರ ಅದಕ್ಕೆಂದೇ ಇದ್ದಂತೆ ಸಿಕ್ಕಳು.

“ಬಸ್ರಿ ಎಂಗ್ಸು, ಗ್ರಾಣ ಇಡ್ದಾಗ ಆಚ್ಗೆ ಬರ್ಬ್ಯಾಡ ಅಂದೆ, ಕೇಳಿದ್ಯಾ? ನಮ್ ವಂಸ್ದಲ್ಲಿ ಇಂತಾದ್ದು ಇಲ್ಲ ಕಣಮ್ಮಿ.”

ಚೈತ್ರ ಗಂಡ ಶಿವರಾಮುವಿನ ಜೊತೆ ಮಗುವನ್ನು ಮೈಸೂರಿಗೆ ಕರೆದೊಯ್ದು ಪೊರೆಯ ಆಪರೇಷನ್ ಮಾಡಿಸಿದಳು. ಆರೇ ತಿಂಗಳಿಗೆ ಒಂದು ಕಣ್ಣು ಮತ್ತೆ ಮಂಜಾಯಿತು. ಅದೂ ಸೊಸೆಯ ತಲೆಗೇ ಬಂತು. ಹುಳಿ ತಿಂದು ಹಾಲು ಕೊಟ್ಟಳಂತೆ.

ಈ ಸಲ ಮರಿತಾಯಮ್ಮ ತಾನೂ ಹೊರಟಳು, ಡಾಕ್ಟರ ಬಾಯಲ್ಲೂ ಅದನ್ನೇ ಹೇಳಿಸಲು. ಡಾಕ್ಟರಮ್ಮ ಹೇಳಿದ್ದೇ ಬೇರೆ. ಪೊರೆ ತೆಗೆದರೂ ಅದಿದ್ದ ಚೀಲದಲ್ಲಿ ಒಂದಷ್ಟು ಜೀವಕೋಶಗಳು ಉಳಿಯುತ್ತವೆ. ವಯಸ್ಸಾದವರಲ್ಲಿ ಅವು ನಿಧಾನ. ಎಳೆಮಕ್ಕಳಲ್ಲಿ ಮಳೆ ಬಿದ್ದ ಹೊಲದ ಕಳೆಯಂತೆ ಬೆಳೆಯುತ್ತವೆ. ಹಾಗೇಕೆ ಬೆಳೆಯುತ್ತವೆಂದು ತಿಳಿದರೆ ಆಪರೇಷನ್ನನ್ನೇ ಸುಧಾರಿಸಬಹುದು. ಅದಕ್ಕಾಗಿ ತೆಗೆದ ಪೊರೆಯ ಚೂರೂ, ಮನೆಯವರೆಲ್ಲರ ರಕ್ತವೂ ಪರೀಕ್ಷೆಗೆ ಬೇಕಿತ್ತು.

“ಮೊದ್ಲು ಅವಳ್ದು ತಕ್ಕಳಿ,” ಎಂದು ಮರಿತಾಯಮ್ಮ ಸೊಸೆಯನ್ನು ಮುಂದೆ ಮಾಡಿದಳು. ಆಮೇಲೆ ತನ್ನ ತೋಳನ್ನೂ ಚಾಚಿದಳು, ಅಪ್ಪಟ ಚಿನ್ನವನ್ನು ಒರೆಗೆ ಕೊಡುವವರ ಧೈರ್ಯದಲ್ಲಿ.

ಎರಡನೇ ಆಪರೇಷನ್ ಕೈಹಿಡಿಯಿತು. ಮಗುವಿಗೆ ದಪ್ಪ ಕನ್ನಡಕ ಬಂತು. ಕೆಲವು ತಿಂಗಳ ಮೇಲೆ ರಕ್ತದ ವರದಿಯೂ ಬಂತು. ಡಾಕ್ಟರಮ್ಮ ಮರಿತಾಯಮ್ಮನ ಕಣ್ಣಿಗೆ ಹನಿ ಹಾಕಿ, ಯಂತ್ರದಲ್ಲಿ ಇಣುಕಿ ನೋಡಿದರು.

“ನಿಮಗೂ ಹುಟ್ಟಿನಿಂದಲೇ ಪೊರೆಯ ಚುಕ್ಕೆಗಳಿವೆ, ಅಮ್ಮ. ಸಣ್ಣವು, ಅದಕ್ಕೇ ತೊಂದರೆ ಕೊಡಲಿಲ್ಲ. ನಿಮ್ಮಿಂದ ಮಗನಿಗೆ, ಮಗನಿಂದ ಈ ಮಗುವಿಗೆ ಬಂದಿದೆ. ಯಾರ ತಪ್ಪೂ ಅಲ್ಲ.”

ಯಾರ ತಪ್ಪೂ ಅಲ್ಲ ಎಂಬ ಮಾತು ಮರಿತಾಯಮ್ಮನಿಗೆ ಜೀವನದಲ್ಲಿ ಮೊದಲ ಸಲ ಸರಿಯೆನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಸೊಸೆಗೆ, “ಗ್ರಾಣದ್ ಮಾತು ಬುಟ್ಬುಡು ಕಣಮ್ಮಿ,” ಎಂದಳು.

“ಬುಟ್ಟೆ ಬುಡಿ ಅತ್ತೆ,” ಎಂದಳು ಚೈತ್ರ, ಮಗುವಿನ ಕನ್ನಡಕ ಒರೆಸುತ್ತ. “ನಿಮ್ಮವ್ವ ಆಚ್ಗೆ ಬಂದಿದ್ರೇನೋ.”

ಅತ್ತೆಗೆ ಕೋಪ ಬರಬೇಕಿತ್ತು; ನಗು ಬಂತು.

ಅದೇ ವಾರ ಅವಳು ಸಂತೆಮರಹಳ್ಳಿಯ ತಮ್ಮ ಚಿಕ್ಕಮಲ್ಲಪ್ಪನ ಮನೆಗೆ ಹೋಗಿ, ಬೇಡವೆಂದರೂ ಕೇಳದೆ, ಅವನ ತಿಂಗಳ ಮೊಮ್ಮಗನ ಕಣ್ಣಿಗೆ ಟಾರ್ಚ್ ಬಿಟ್ಟಳು. ಅಲ್ಲೂ ಬಿಳುಪಿತ್ತು. ತಡಮಾಡದೆ ಆಪರೇಷನ್ ಆಯಿತು. ಮಗು ಈಗ ಬೆಳಕಿನ ಕಡೆ ಮುಖ ತಿರುಗಿಸುತ್ತದೆ. ಚಿಕ್ಕಮಲ್ಲಪ್ಪ ಮಾತ್ರ, ಅಕ್ಕನ ದೃಷ್ಟಿ ತಾಗಿಯೇ ಹಾಗಾಯಿತೆಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ.