ಫೀಜೋವಾ ಗಿಡದಡಿಯ ಹಳದಿ ನಾಣ್ಯ

ಪರದೇಶದ ಪುಕೆಕೊಹೆ ಊರಿನಲ್ಲಿ ನಮ್ಮ ಪಕ್ಕದ ಮನೆಯ ಬ್ರೂಸ್ ಹೊಸದಾಗಿ ಮೆಟಲ್ ಡಿಟೆಕ್ಟರ್ ಕೊಂಡಿದ್ದರು. ನಮ್ಮ ಹಿತ್ತಲಲ್ಲೂ ಆಡಿಸಿ ನೋಡುತ್ತೇನೆಂದು ಬಂದವರು ಸೀಬೆಯಂಥ ಹಣ್ಣು ಬಿಡುವ ಫೀಜೋವಾ ಗಿಡದ ಬುಡದಿಂದ ಒಂದು ನಾಣ್ಯ ಅಗೆದು ತಂದರು.

"ಇಪ್ಪತ್ತು ಸೆಂಟಿನದು ಬೆಳ್ಳಗಿರಬೇಕಲ್ಲ, ಇದು ಹಳದಿ. ಖೋಟಾ ಇರಬಹುದಾ? ವಿನಿಗರ್ ಹಾಕಿ ತಿಕ್ಕಿಬಿಡಲಾ?"

"ಅಯ್ಯೋ, ತಿಕ್ಕಬೇಡಿ!" ಎಂದು ಕಿತ್ತುಕೊಂಡೆ.

ಅದಕ್ಕೆ ಅರಿಶಿನದ ಬಟ್ಟೆಯ ಎಳೆಗಳು ಇನ್ನೂ ಅಂಟಿದ್ದವು. ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಗ ನಂಜುಂಡೇಶ್ವರನಿಗೆ ಹರಸಿಕೊಂಡು ನಾನು ಕಟ್ಟಿಟ್ಟಿದ್ದ ಮುಡಿಪು ಅದು. ಅವಳು ಹುಷಾರಾದಳು, ಮುಡಿಪು ಮಾತ್ರ ದೇವರ ಗೂಡಿನಿಂದ ಕಾಣೆಯಾಗಿತ್ತು. ಬಾಡಿದ ಹೂವಿನ ಜೊತೆ ನಾನೇ ಅದನ್ನು ಗಿಡದ ಬುಡಕ್ಕೆ ಸುರಿದಿದ್ದೆನೆಂದು ಈಗ ಗೊತ್ತಾಯಿತು. ಮುಂದಿನ ತಿಂಗಳು ಊರಿಗೆ ಹೊರಟಿದ್ದೆ. ಹರಕೆ ಒಪ್ಪಿಸದೆ ದೇವರೆದುರು ಹೇಗೆ ನಿಲ್ಲಲಿ ಎಂದು ನಿದ್ದೆಗೆಟ್ಟಿದ್ದೆ.

ಎಲ್ಲ ವಿವರಿಸಿ ಬ್ರೂಸ್‌ಗೆ ಕೈಮುಗಿದೆ. ಅವರು ಜೇಬಿನಿಂದ ಒಂದು ನಾಣ್ಯ ತೆಗೆದರು.

"ಈ ವಾರ ನನ್ನ ಮಂಡಿ ಆಪರೇಷನ್, ಲಲಿತಾ. ನನಗೂ ಒಂದು ಕಟ್ಟುತ್ತೀರಾ?"

ಸಂತೋಷದಿಂದ ಕಟ್ಟಿದೆ. ಈಗ ಅವರು ಆರಾಮಾಗಿ ನಡೆಯುತ್ತಿದ್ದಾರೆ, ಎರಡೂ ಮುಡಿಪು ನನ್ನ ಪೆಟ್ಟಿಗೆಯಲ್ಲಿವೆ. ನಂಜನಗೂಡಿನ ಅರ್ಚಕರು ಬ್ರೂಸ್ ಅವರ ಗೋತ್ರ ಕೇಳಿದರೆ, ಪುಕೆಕೊಹೆ ಅಂದುಬಿಡುತ್ತೇನೆ.