ಗುರುಲಿಂಗವ್ವನ ಉಂಡಿ ಡಬ್ಬಿ

ಗುರುಲಿಂಗವ್ವ ಇನ್ನು ತಮ್ಮ ಮನೆಗೆ ಬರುತ್ತಾಳೋ ಇಲ್ಲವೋ ಎಂಬ ಚಿಂತೆ ಎರಡು ದಿನದಿಂದ ಭುವನೇಶ್ವರಿಯನ್ನು ಬಿಟ್ಟಿರಲಿಲ್ಲ.

ಇಳಕಲ್ಲಿನ ಆ ಓಣಿಯಲ್ಲಿ ಗುರುಲಿಂಗವ್ವನ ಕೈಯಿಂದ ನೀರು ಎರೆಸಿಕೊಳ್ಳದ ಕೂಸಿಲ್ಲ. ಹಗಲೆಲ್ಲ ನೇಕಾರರಿಗೆ ನೂಲು ಸುತ್ತಿಕೊಡುವ ಆಕೆ ಬೆಳಗಿನ ಹೊತ್ತು ಮಾತ್ರ ಬಾಣಂತಿಯರ ಪಾಲು. ಮೈಸೂರಿನ ಹಾಸ್ಟೆಲಿನಲ್ಲಿ ಓದಿ ಬೆಳೆದ ಭುವನೇಶ್ವರಿ ಹೆತ್ತ ಮಗಳನ್ನು ಎತ್ತಿಕೊಳ್ಳಲೂ ಅಂಜುತ್ತಿದ್ದಾಗ, ಕಾಲು ಚಾಚಿ ಕುಳಿತು ಕೂಸನ್ನು ಮಲಗಿಸಿಕೊಂಡು ಎರೆದವಳು ಆಕೆಯೇ. ನಾಲ್ಕು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

ನಾಗರ ಪಂಚಮಿಗೆ ಗುರುಲಿಂಗವ್ವ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಸ್ಟೀಲ್ ಡಬ್ಬಿ ತಂದುಕೊಟ್ಟಳು. ಭುವನೇಶ್ವರಿ ಅದನ್ನು ಫಳಫಳ ತೊಳೆದು ಅಂದೇ ಮರಳಿಸಿದಳು. ಮರುದಿನದಿಂದ ಆಕೆಯ ಸುಳಿವಿಲ್ಲ.

"ಬರೇ ಡಬ್ಬಿ ಕೊಟ್ಟಿ?" ಗಂಡ ಸಂತೋಷಕುಮಾರ ಹಣೆ ಹಿಡಿದುಕೊಂಡ. "ಹಬ್ಬದ ಡಬ್ಬಿ ಖಾಲಿ ಕೊಟ್ರ, ಇನ್ನ ನಮ್ಮ ಮನಿಗಿ ಬರಬ್ಯಾಡ ಅಂದಂಗ. ಒಂದ್ ಚಮಚ ಸಕ್ಕರಿ ಹಾಕಿದ್ರ ಸಾಕಿತ್ತಲ್ಲ, ಶಾಣ್ಯಾಕಿ."

ಮೂರನೆಯ ಬೆಳಿಗ್ಗೆ ಹಂಡೆಯ ನೀರು ಕಾದಿತ್ತು, ಕೂಸು ಅಳುತ್ತಿತ್ತು. ಏನೆನ್ನುತ್ತಾಳೋ ಎಂದು ಮೂರು ಸಲ ಕೆಳಗಿಟ್ಟಿದ್ದ ಫೋನನ್ನು ಭುವನೇಶ್ವರಿ ಕೊನೆಗೂ ಹಚ್ಚಿದಳು.

"ಅವ್ವಾ, ನಾನು ಭುವಿ. ಡಬ್ಬಿ ಖಾಲಿ ಕೊಡಬಾರದು ಅಂತ ನಂಗೆ ಗೊತ್ತೇ ಇರಲಿಲ್ಲ. ನೀರು ಕಾಯಿಸಿದೀನಿ. ಬನ್ನಿ."

ಆ ಕಡೆ ತಿರುಗುತ್ತಿದ್ದ ರಾಟಿಯ ಸದ್ದು ನಿಂತಿತು.

"ಗೊತ್ತಿರಲಿಲ್ಲೇನ ನನ್ನವ್ವಾ? ನನ್ನ ಕೈ ಒರಟ ಆತು, ಕೂಸಿಗಿ ಬ್ಯಾಡಾತು ಅಂತ ತಿಳದಿದ್ದೆ." ಗುರುಲಿಂಗವ್ವ ಮೂಗು ಒರೆಸಿಕೊಂಡಳು. "ಎಣ್ಣಿ ಬೆಚ್ಚಗ ಮಾಡಿಡು. ಸಬಕಾರ ನೀ ಹಚ್ಚಬ್ಯಾಡ, ಕಣ್ಣಾಗ ಹಾಕ್ತಿ. ನಾ ಬಂದೆ."