ಎಡಗೈ ರೈಫಲ್ಲಿನ ಗಂಟಲು ನೋಡಿದ ಚಿಕ್ಕಪ್ಪ

ಮೈದಾನದ ಆಚೆ ತುದಿಯ ಮಣ್ಣಿನ ದಿಬ್ಬಕ್ಕೆ ಇನ್ನೂ ಬೆಳಕು ಮುಟ್ಟಿಲ್ಲ. ಶೂಟಿಂಗ್ ಕ್ಲಬ್ಬಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು, ಅದೇ ಕನ್ನಡಕಕ್ಕಾಗಿ ಮೇಜಿನ ಮೇಲೆಲ್ಲ ತಡಕಾಡುತ್ತಿರುವವರು ಈ ಕ್ಲಬ್ಬಿನ ಬಂದೂಕು ರಿಪೇರಿಯವರು. ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಕರೆಯುವುದು ಚಿಕ್ಕಪ್ಪ ಎಂದೇ. ಅವರಿಗಿಂತ ಹಿರಿಯರಾದ ಸದಸ್ಯರೂ ಹಾಗೇ ಕರೆಯುತ್ತಾರೆ, ಅವರೂ ಓಗೊಡುತ್ತಾರೆ.

ಕನ್ನಡಕ ಸಿಕ್ಕಿತು. ಗೋಡೆಯ ಗೂಟದಿಂದ ಒಂದು ಹಳೆಯ ರೈಫಲ್ ಇಳಿಸಿ, ಗುಂಡನ್ನು ಒಳಕ್ಕೆ ತಳ್ಳಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದು, ಗುಂಡು ಕೂರುವ ಗೂಡಿನ ಬಾಯಿಗೆ ಕಿರುಬೆರಳು ಒತ್ತಿ ನೋಡುತ್ತಾರೆ. ನಿನ್ನೆ ಸಂಜೆ ಖಾಲಿ ಮಾಡಿ ಇಟ್ಟವರೂ ಅವರೇ, ಬೀಗ ಹಾಕಿದವರೂ ಅವರೇ. "ಖಾಲಿ ಇದೆ ಅಂತ ಯಾರೇ ಹೇಳಿದ್ರೂ ನಂಬಲ್ಲ. ನಾನೇ ಹೇಳಿದ್ರೂ ನಂಬಲ್ಲ" ಎಂದು ನಗುತ್ತಾರೆ. ನಗುತ್ತಲೇ ಮತ್ತೊಮ್ಮೆ ಬೆರಳು ಒತ್ತಿ ನೋಡುತ್ತಾರೆ.

ಇದು ಇಡೀ ಕ್ಲಬ್ಬಿನಲ್ಲಿರುವ ಒಂದೇ ಎಡಗೈ ರೈಫಲ್. ಬೋಲ್ಟಿನ ಹಿಡಿ ಎಡಕ್ಕಿದೆ. ಬಲಗೈಯವರು ಹಿಡಿದರೆ ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಾಗುತ್ತದೆ ಎನ್ನುತ್ತಾರೆ. ಬಾಗಿಲು ಮುಚ್ಚಿದ ಇನ್ನೊಂದು ಕ್ಲಬ್ಬಿನಿಂದ ಬಂದ ಈ ಬಳಸಿದ ಮಾಲನ್ನು ಈಗ ಬಳಸುವವರು ಒಬ್ಬರೇ, ಆಸ್ಪತ್ರೆಯಲ್ಲಿ ನರ್ಸಾಗಿರುವ ಒಬ್ಬ ಹೆಣ್ಣುಮಗಳು. ಎಲ್ಲರ ಬಾಯಲ್ಲಿ ಆಕೆ ಎಡಚಿ ಸಿಸ್ಟರ್. ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ ನೇರ ಇಲ್ಲಿಗೆ ಬಂದು ಗುರಿ ಹಿಡಿಯುವ ಆಕೆ ಜಿಲ್ಲಾ ತಂಡದ ಆಯ್ಕೆಗೆ ಇನ್ನೊಂದೇ ಮೆಟ್ಟಿಲು ದೂರದಲ್ಲಿದ್ದಾರೆ. ಆದರೆ ಒಂದು ತಿಂಗಳಿಂದ ಈ ರೈಫಲ್ ಹಟ ಹಿಡಿದಿದೆ. ಗುಂಡು ಒಳಗೆ ಹೋಗುವಾಗ ಸಿಕ್ಕಿಕೊಳ್ಳುತ್ತದೆ, ಹೋದರೆ ಖಾಲಿ ಚಿಪ್ಪು ಹೊರಗೆ ಬರುವುದಿಲ್ಲ. ಭಾನುವಾರ ಹಳೆಯ ರೈಫಲ್‌ಗಳ ತಪಾಸಣೆ. ಸತತ ಹತ್ತು ಗುಂಡು ತಡೆಯಿಲ್ಲದೆ ಹಾರಿಸದ ರೈಫಲ್ಲನ್ನು ತುಂಡರಿಸಲು ಕಳಿಸಿಬಿಡುತ್ತಾರೆ. ಇವತ್ತು ಶುಕ್ರವಾರ.

ಚಿಕ್ಕಪ್ಪನ ಬಗ್ಗೆ ಬರೆಯಲು ಬಂದ ನನಗೆ ಕ್ಲಬ್ಬಿನ ಕಾರ್ಯದರ್ಶಿಯನ್ನು ಖಳನಾಯಕ ಮಾಡುವ ಆಸೆಯಿತ್ತು, ಅವರು ಅವಕಾಶ ಕೊಡಲಿಲ್ಲ. "ನಂಗೇನು ಅದರ ಮೇಲೆ ಹಗೆ ಇದ್ಯಾ? ಅರ್ಧಕ್ಕೆ ನಿಂತ ರೈಫಲ್ ಅಂದ್ರೆ ಒಳಗೆ ಗುಂಡು ಇದ್ಯೋ ಇಲ್ವೋ ಗೊತ್ತಾಗಲ್ಲ. ಗಡಿಬಿಡೀಲಿ ಯಾರಾದ್ರೂ ಅದರ ಮೂತಿ ಈ ಕಡೆ ತಿರುಗಿಸಿದ್ರೆ ಏನು ಗತಿ?" ಎಂದರು. ಅದಕ್ಕೆ ಚಿಕ್ಕಪ್ಪನೂ ತಲೆಯಾಡಿಸಿದರು.

ಚಿಕ್ಕಪ್ಪ ಹುಟ್ಟಾ ಬಂದೂಕಿನವರಲ್ಲ. ಪ್ರಾಯದಲ್ಲಿ ಅವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಬೀದಿ ಬೀದಿ ಸುತ್ತುತ್ತಿದ್ದರು. ಮಲಗಿ ಗುರಿ ಹಿಡಿಯಲು ಹಾಸುವ ದಪ್ಪ ಬಟ್ಟೆಯ ಚಾಪೆಗಳನ್ನು ಹೊಲಿಯುವ ಯಂತ್ರ ಕೆಟ್ಟಿದೆಯೆಂದು ಕ್ಲಬ್ಬಿನವರು ಕರೆಸಿದರು. ಅದನ್ನು ಸರಿಮಾಡಿ ಕೈ ಒರೆಸಿಕೊಳ್ಳುತ್ತಿದ್ದಾಗ ಆಗಿನ ರಿಪೇರಿಯ ಅಜ್ಜ ಒಂದು ರೈಫಲ್ ಹಿಡಿದು ಗೊಣಗುತ್ತಿದ್ದುದು ಕಣ್ಣಿಗೆ ಬಿತ್ತು. "ಅಲ್ಲಿ ದಾರ ಸಿಕ್ಕಿಕೊಳ್ಳುತ್ತೆ, ಇಲ್ಲಿ ಗುಂಡು ಸಿಕ್ಕಿಕೊಳ್ಳುತ್ತೆ. ಎರಡಕ್ಕೂ ಬೈದ್ರೆ ಕೇಳಲ್ಲ ಅಂತ ಅವತ್ತೇ ಗೊತ್ತಾಯ್ತು" ಎಂದು ನೆನೆಯುತ್ತಾರೆ. ಚಾಪೆಯ ಯಂತ್ರಕ್ಕೆಂದು ಬಂದವರು ಇಲ್ಲೇ ತಲೆ ನರೆಸಿಕೊಂಡಿದ್ದಾರೆ.

ಅವರ ಕೈಗೆ ಬರುವುದು ಹೆಚ್ಚಾಗಿ ರಿಮ್‌ಫೈರ್ ರೈಫಲ್‌ಗಳು. ಕಿರುಬೆರಳಿಗಿಂತ ತೆಳ್ಳಗಿನ ಗುಂಡು, ಹಿತ್ತಾಳೆ ಚಿಪ್ಪಿನ ಹಿಂಬದಿಯ ಅಂಚಿಗೆ ಪಿನ್ನು ಬಡಿದರೆ ಸಿಡಿಯುತ್ತದೆ. ಗುಂಡಿನ ಮೇಲೆ ಮೇಣ ಬಳಿದಿರುತ್ತದೆ. ಆ ಮೇಣ, ಮದ್ದಿನ ಮಸಿ, ಸದಸ್ಯರು ಧಾರಾಳವಾಗಿ ಸುರಿಯುವ ಎಣ್ಣೆ ಮೂರೂ ಸೇರಿದರೆ ಒಳಗೆಲ್ಲ ಕರಿ ಅಂಟು. ದಿನಕ್ಕೆ ಹತ್ತು ಹನ್ನೆರಡು ರೈಫಲ್ ಬಿಚ್ಚಿದರೆ, ಅದರಲ್ಲಿ ಎಂಟಕ್ಕೆ ಬೇಕಾದದ್ದು ಸ್ನಾನವೇ ಹೊರತು ಚಿಕಿತ್ಸೆಯಲ್ಲ ಎನ್ನುತ್ತಾರೆ. ಆ ಸ್ನಾನಕ್ಕೆ ಮನೆಯಿಂದ ಹಲ್ಲುಜ್ಜುವ ಬ್ರಷ್ಷುಗಳು ಬರುತ್ತವೆ, ದಿಂಬಿನಿಂದ ಹತ್ತಿ ಬರುತ್ತದೆ.

"ನಮ್ಮನೇಲಿ ಬ್ರಷ್ ಹಳೇದಾಗೋ ಪದ್ಧತೀನೇ ಇಲ್ಲ. ನನ್ನ ದಿಂಬಂತೂ ದಿನೇ ದಿನೇ ಸೊರಗ್ತಿದೆ" ಎಂದು ದೂರು ಹೇಳುವವರು ಅವರ ಹೆಂಡತಿ. ಇಡೀ ಕ್ಲಬ್ಬಿಗೆ ಅವರು ಚಿಕ್ಕಮ್ಮ. ಬುತ್ತಿ ತರುವ ನೆಪದಲ್ಲಿ ದಿನವೂ ಬಂದು ಗಂಡನ ಕೋಣೆ ಗುಡಿಸಿ, ಬೈದು ಹೋಗುತ್ತಾರೆ.

ಬೈಗುಳ ಈಗ ಸ್ವಲ್ಪ ಜೋರಾಗಿಯೇ ಆಗಬೇಕು, ಏಕೆಂದರೆ ಚಿಕ್ಕಪ್ಪನ ಬಲಗಿವಿ ಗುಂಡಿನ ಸದ್ದಿಗೆ ಎಂದೋ ಸೋತಿದೆ. ಎಡಗಿವಿಯೂ ಅರೆಮನಸ್ಸಿನಿಂದ ಕೆಲಸ ಮಾಡುತ್ತದೆ. ಅದಕ್ಕೇ ಅಭ್ಯಾಸದ ಹೊತ್ತಿನಲ್ಲಿ ಅವರು ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಾರೆ. ಕ್ಲಬ್ಬಿನ ನಿಯಮ ಹೀಗಿದೆ: ರೈಫಲ್ ಸಿಕ್ಕಿಕೊಂಡರೆ ಮೂತಿಯನ್ನು ದಿಬ್ಬದ ಕಡೆಗೇ ಇಟ್ಟು ಒಂದು ಕೈ ಎತ್ತಬೇಕು. ಕೈ ಎತ್ತಿದವರು ತಿರುಗಿ ನೋಡುವುದು ಈ ಬಾಗಿಲನ್ನೇ. ತಿಂಗಳಿಂದ ಎಡಚಿ ಸಿಸ್ಟರ್ ಗುರಿಗಿಂತ ಹೆಚ್ಚಾಗಿ ಬಾಗಿಲನ್ನೇ ನೋಡಿದ್ದಾರೆ. ಗುಂಡು ಹಾರಿದಾಗಲೂ, ಮುಂದಿನದು ಹೋಗುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ ಕತ್ತು ತಾನಾಗಿ ಹಿಂದಕ್ಕೆ ಹೊರಳುತ್ತದೆ. ಹಾಗೆ ಹೊರಳಿದರೆ ಗುರಿ ಎಲ್ಲಿ ಉಳಿಯಬೇಕು?

ಬೇನೆ ಎಲ್ಲಿದೆಯೆಂದು ಹುಡುಕುವುದರಲ್ಲಿ ಚಿಕ್ಕಪ್ಪ ಈ ಸಲ ಎಡವಿದ್ದರು, ಅದನ್ನು ಮುಚ್ಚಿಡುವವರೂ ಅಲ್ಲ. ಗುಂಡುಗಳನ್ನು ಸಾಲಾಗಿ ಮೇಲಕ್ಕೆ ತಳ್ಳುವ ಚಿಕ್ಕ ಪೆಟ್ಟಿಗೆಗೆ ಮ್ಯಾಗಝೀನು ಎನ್ನುತ್ತಾರಲ್ಲ, ಅದರ ತುಟಿ ಒಂದಿಷ್ಟು ಬಾಗಿದ್ದುದು ಮೊದಲ ದಿನವೇ ಕಂಡಿತ್ತು. ಅದನ್ನು ನೇರ ಮಾಡಿದರು, ಸ್ಪ್ರಿಂಗು ಬದಲಿಸಿದರು, ಬೇರೆ ಮ್ಯಾಗಝೀನು ಹಾಕಿದರು. ರೈಫಲ್ ಜಗ್ಗಲಿಲ್ಲ. ಆದರೂ ಮ್ಯಾಗಝೀನಿನ ಬೆನ್ನಿಗೇ ಬಿದ್ದು ಗುರುವಾರ ಸಂಜೆ ಅದನ್ನು ಮನೆಗೂ ಒಯ್ದು ಊಟದ ಮಧ್ಯೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದರಂತೆ.

ಚಿಕ್ಕಮ್ಮನಿಗೆ ತಾಳ್ಮೆ ಕೆಟ್ಟಿತು. "ಮಗು ಉಣ್ಣಲ್ಲ ಅಂತ ತಟ್ಟೆ ಮೇಲೆ ತಟ್ಟೆ ಬದಲಾಯಿಸ್ತಿದೀರಲ್ಲ, ಒಂದ್ಸಲ ಗಂಟಲು ನೋಡಿದ್ರಾ?" ಎಂದರು.

"ತುತ್ತು ಬಾಯಲ್ಲೇ ಉಳೀತು ನೋಡಿ. ಯಾರಿಗೆ ಪಾಠ ಹೇಳಿದ್ರೂ ಮೊದಲನೇ ಮಾತು ಅದೇ ಹೇಳ್ತೀನಿ. ಮ್ಯಾಗಝೀನು ತೆಗೆದಿಟ್ಟು, ಒಂದೊಂದೇ ಗುಂಡು ಕೈಯಿಂದ ಹಾಕಿ ನೋಡ್ರೋ ಅಂತ. ಆಗ್ಲೂ ಸಿಕ್ಕಿಕೊಂಡ್ರೆ ತಪ್ಪು ಮ್ಯಾಗಝೀನಿಂದಲ್ಲ, ಗುಂಡು ಕೂರೋ ಗೂಡಿಂದು. ಬಾಗಿದ ತುಟಿ ಕಣ್ಣಿಗೆ ಬಿತ್ತಲ್ಲ, ನಾನೇ ಆ ಮಾತು ಮರೆತುಬಿಟ್ಟೆ" ಎಂದು ಚಿಕ್ಕಪ್ಪ ಕೆನ್ನೆ ಬಡಿದುಕೊಳ್ಳುತ್ತಾರೆ. ತಟ್ಟೆಯ ಮಾತು ಹೇಳಿದ ಹೆಂಡತಿಯ ಬಗ್ಗೆ ಅವರಿಗಿರುವ ಹೆಮ್ಮೆ ಮುಖದಲ್ಲಿ ಎದ್ದು ಕಾಣುತ್ತದೆ.

ಶುಕ್ರವಾರ ಬೆಳಕು ಹರಿದ ಮೇಲೆ ನನ್ನೆದುರಿಗೇ ಪರೀಕ್ಷೆಯಾಯಿತು. ಕಾರ್ಯದರ್ಶಿ ಪಕ್ಕದಲ್ಲಿ ನಿಂತರು. ಚಾಪೆಯ ಮೇಲೆ ಮಲಗಿ, ಮೂತಿ ದಿಬ್ಬಕ್ಕೆ ಹಿಡಿದು, ಚಿಕ್ಕಪ್ಪ ಕೈಯಿಂದಲೇ ಒಂದು ಗುಂಡು ಹಾಕಿದರು. ಬೋಲ್ಟು ಮುಕ್ಕಾಲು ದಾರಿಯಲ್ಲಿ ಬಿಗಿಯಿತು. ಒತ್ತಿ ಮುಚ್ಚಿ ಹಾರಿಸಿದರೆ ಚಿಪ್ಪು ಒಳಗೇ ಕಚ್ಚಿಕೊಂಡಿತು. ಅದನ್ನು ಬಿಡಿಸಿ ಕನ್ನಡಕದ ಹತ್ತಿರ ಹಿಡಿದರು. ಹಿತ್ತಾಳೆಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಗೀರು. ಇನ್ನೆರಡು ಹಾರಿಸಿದರು, ಅದೇ ಜಾಗದಲ್ಲಿ ಅದೇ ಗೀರು.

ಕೋಣೆಗೆ ಮರಳಿ ಬೋಲ್ಟು ಹೊರತೆಗೆದು, ಕಡ್ಡಿಯ ತುದಿಗೆ ಚಿಕ್ಕಮ್ಮನ ದಿಂಬಿನ ಹತ್ತಿ ಸುತ್ತಿ, ಗೂಡಿನ ಬಾಯಂಚಿನ ಸುತ್ತ ಮೆಲ್ಲಗೆ ತಿರುಗಿಸಿದರು. ಕಡ್ಡಿ ತೆಗೆದಾಗ ಮೇಲಂಚಿನಲ್ಲಿ ಒಂದು ಬಿಳಿ ಎಳೆ ಸಿಕ್ಕಿಕೊಂಡು ನಿಂತಿತ್ತು. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಲಿಲ್ಲ. ಆದರೆ ಹತ್ತಿಗೆ ಸಿಕ್ಕಿತ್ತು, ಉಕ್ಕಿನ ಒಂದು ಸಣ್ಣ ಮುಳ್ಳು.

ಆ ಮುಳ್ಳು ಎಲ್ಲಿಂದ ಬಂತೆಂದು ಕೇಳಿದೆ. ಚಿಕ್ಕಪ್ಪ ಉತ್ತರಿಸುವ ಮೊದಲೇ ಬಾಗಿಲಲ್ಲಿ ಬಂದು ನಿಂತಿದ್ದ ಎಡಚಿ ಸಿಸ್ಟರ್ ಬಾಯಿಬಿಟ್ಟರು. ಗುಂಡಿನ ಖರ್ಚು ಉಳಿಸಲು ಅವರು ಪಾಳಿ ಮುಗಿದ ಮೇಲೆ ಇಲ್ಲಿಗೆ ಬಂದು ಖಾಲಿ ರೈಫಲ್ ಹಿಡಿದು, ಕ್ಲಬ್ಬಿನ ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು, ಟಕ್ ಟಕ್ ಎಂದು ಟ್ರಿಗರ್ ಒತ್ತುತ್ತಿದ್ದರು. ಎಷ್ಟೋ ಬಗೆಯ ರೈಫಲ್‌ಗಳಲ್ಲಿ ಇದು ನಡೆಯುತ್ತದೆ. ಈ ಹಳೆಯದಕ್ಕೆ ಮಾತ್ರ ಹಿಂದಿನ ಯಾರೋ ಉದ್ದದ ಪಿನ್ನು ಹಾಕಿದ್ದರು. ಒಳಗೆ ಗುಂಡಿದ್ದರೆ ಆ ಪಿನ್ನು ಹಿತ್ತಾಳೆಗೆ ಬಡಿಯುತ್ತದೆ, ಇಲ್ಲದಿದ್ದರೆ ಗೂಡಿನ ಅಂಚಿಗೇ ಬಡಿಯುತ್ತದೆ. ಹೀಗೆ ಪೆಟ್ಟು ತಿಂದು ತಿಂದು ಅಂಚಿನ ಲೋಹ ಒಳಕ್ಕೆ ಉಬ್ಬಿ ಗುಂಡಿನ ದಾರಿಗೇ ಅಡ್ಡ ನಿಂತಿತ್ತು.

"ಹಾಗಾದ್ರೆ ನಾನೇ ಕೊಂದೆ ಅದನ್ನ" ಎಂದು ಸಿಸ್ಟರ್ ಅಲ್ಲೇ ಕುಸಿದು ಕುಳಿತರು. ಕಣ್ಣಲ್ಲಿ ನೀರು ತುಂಬಿತ್ತು.

"ಸತ್ತಿಲ್ಲ ಕಣಮ್ಮ, ಗಂಟಲು ನೋವು ಅಷ್ಟೆ. ನರ್ಸಮ್ಮ ನೀನು, ಇಷ್ಟಕ್ಕೇ ಅತ್ರೆ ರೋಗಿಗಳ ಪಾಡೇನು?" ಎಂದು ಚಿಕ್ಕಪ್ಪ ಗದರಿದರು. ಆ ಗದರಿಕೆಯ ಅಕ್ಕರೆಗೆ ಸಿಸ್ಟರ್ ಕಣ್ಣೊರೆಸಿಕೊಂಡು ಎದ್ದು ನಿಂತರು.

ಮುಳ್ಳನ್ನು ಅರದಿಂದ ಉಜ್ಜಿ ತೆಗೆಯುವುದು ಸುಲಭ, ಅವರು ಹಾಗೆ ಮಾಡಲಿಲ್ಲ. "ಉಜ್ಜಿದ್ರೆ ಹೋದ ಲೋಹ ಹೋದ ಹಾಗೆ. ಇಲ್ಲೇ ಇದೆಯಲ್ಲ, ಜಾಗ ತಪ್ಪಿದೆ ಅಷ್ಟೆ. ವಾಪಸ್ ಕೂರಿಸ್ಬೇಕು" ಎಂದು ಡ್ರಾಯರಿನಿಂದ ಮಿರಿಮಿರಿ ಹೊಳೆಯುವ ಒಂದು ಉಕ್ಕಿನ ಕಡ್ಡಿ ತೆಗೆದರು. ಹಳೆಯ ಹೊಲಿಗೆ ಯಂತ್ರವೊಂದರ ಸರಳನ್ನು ಅವರೇ ತೇಯ್ದು, ಗುಂಡಿನ ಆಕಾರಕ್ಕೆ ತಂದ ಉಪಕರಣ ಅದು. ಗೂಡಿನೊಳಗೆ ತೂರಿಸಿ, ಎಡಕ್ಕೆ ಬಲಕ್ಕೆ ಒರಗಿಸುತ್ತ, ಉಬ್ಬಿದ ಲೋಹವನ್ನು ಅದರ ಜಾಗಕ್ಕೆ ಒತ್ತಿದರು. ಹತ್ತಿಯ ಎಳೆ ಸಿಕ್ಕಿತು, ಮತ್ತೆ ಒತ್ತಿದರು. ಮಧ್ಯಾಹ್ನದ ಬುತ್ತಿ ಆರಿತು, ಚಿಕ್ಕಮ್ಮ ಮೂರು ಸಲ ಕೂಗಿದರು. ಕೊನೆಗೆ ಹತ್ತಿ ಸುತ್ತು ಹಾಕಿ ಸ್ವಚ್ಛವಾಗಿ ಹೊರಬಂತು. ಆಮೇಲೆ ಪಿನ್ನಿನ ಮೂಗನ್ನು ಸಾಣೆಕಲ್ಲಿನ ಮೇಲೆ ತುಸುವೇ ಸವರಿ, ಅಂಚಿಗೆ ಮುಟ್ಟದಷ್ಟು ಗಿಡ್ಡ ಮಾಡಿದರು.

ಕೆಲಸ ಮುಗಿಸಿ ಸಿಸ್ಟರಿಗೆ ಒಂದು ಹಳದಿ ಪ್ಲಾಸ್ಟಿಕ್ ತುಂಡು ಕೊಟ್ಟರು. ಗೋಡೆಗೆ ಸ್ಕ್ರೂ ಕೂರಿಸುವಾಗ ತೂತಿಗೆ ತುರುಕುತ್ತಾರಲ್ಲ, ಅದೇ. ಅದು ಈ ಗೂಡಿನಲ್ಲಿ ಸರಿಯಾಗಿ ಕೂರುತ್ತದೆ. "ಖಾಲಿ ಅಭ್ಯಾಸ ಮಾಡುವಾಗ ಇದನ್ನ ಒಳಗಿಡು. ಪೆಟ್ಟು ಇದಕ್ಕೆ ಬೀಳ್ಲಿ. ಪಿನ್ನು ಗಿಡ್ಡ ಮಾಡಿದೀನಿ, ಆದ್ರೂ ಇಡು" ಎಂದರು.

ಭಾನುವಾರ ಬೆಳಗ್ಗೆ ತಪಾಸಣೆಗೆ ಸದಸ್ಯರೆಲ್ಲ ನೆರೆದಿದ್ದಾರೆ. ಎಡಚಿ ಸಿಸ್ಟರ್ ಚಾಪೆಯ ಮೇಲೆ ಮಲಗಿದ್ದಾರೆ. ಚಿಕ್ಕಪ್ಪ ಬಾಗಿಲಿನ ಸ್ಟೂಲಿನಲ್ಲಿ, ಅವರ ಹಿಂದೆ ಸೆರಗಿನ ಚುಂಗು ಕಚ್ಚಿಕೊಂಡು ಚಿಕ್ಕಮ್ಮ. ಮೊದಲ ಮ್ಯಾಗಝೀನಿನ ಐದೂ ಗುಂಡು ಹಾರಿದವು. ಸಿಸ್ಟರ್ ಎರಡನೆಯದು ಹಾಕಿದರು. ಏಳನೆಯದೂ ಹಾರಿತು. ಎಂಟಕ್ಕೆ ಬೋಲ್ಟಿನ ಮೇಲೆ ಅವರ ಕೈ ಒಂದು ಕ್ಷಣ ತಡೆಯಿತು. ಚಿಕ್ಕಪ್ಪ ಸ್ಟೂಲಿನಿಂದ ಅರ್ಧ ಎದ್ದರು. ಸಿಸ್ಟರ್ ಕೆನ್ನೆಗೆ ಬಿದ್ದ ಕೂದಲು ಸರಿಸಿಕೊಂಡರು, ಅಷ್ಟೆ. ಎಂಟು, ಒಂಬತ್ತು, ಹತ್ತು. ಕಾರ್ಯದರ್ಶಿ ರೈಫಲ್ಲಿನ ಗೂಡಿನ ಬಾಯಿಗೆ ಬೆರಳು ಒತ್ತಿ ಖಾಲಿಯೆಂದು ಖಾತ್ರಿ ಮಾಡಿಕೊಂಡು, "ಇದು ಇಲ್ಲೇ ಇರ್ಲಿ" ಎಂದರು.

ಎಲ್ಲರೂ ಸಿಸ್ಟರನ್ನು ಸುತ್ತುವರಿದು, ಗುರಿಯ ಹಾಳೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ತೂತುಗಳನ್ನು ನೋಡುತ್ತ ಹೊಗಳುತ್ತಿದ್ದಾರೆ. ಬಾಗಿಲ ಕಡೆ ಯಾರೂ ಬರಲಿಲ್ಲ. ನನಗೆ ಚೂರು ಸಿಟ್ಟೇ ಬಂತು. ಚಿಕ್ಕಪ್ಪನ ಎಡಗಿವಿಯ ಹತ್ತಿರ ಬಾಗಿ, "ನಿಮ್ಮನ್ನ ಯಾರೂ ಕೇಳ್ಲೇ ಇಲ್ಲವಲ್ಲ, ಬೇಜಾರಾಗಲ್ವಾ?" ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಮುಖ ಅರಳಿತ್ತು.

"ನೀವು ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ. ಹತ್ತು ಹೊಡೆದ್ಲು. ಹತ್ತರಲ್ಲಿ ಒಂದ್ಸಲಾನೂ ಈ ಬಾಗಿಲ ಕಡೆ ತಿರುಗಿ ನೋಡ್ಲಿಲ್ಲ."